ಹೊಳೆಯ ತಳ ಮುಟ್ಟಿದವನು

ಸೇತುವೆಯ ಈಚೆ ತುದಿಯಲ್ಲಿ ಅವನ ಸೈಕಲ್ ರಿಪೇರಿ ಅಂಗಡಿ. ತಗಡಿನ ಮಾಡು, ಗೋಡೆಗೆ ನೇತುಹಾಕಿದ ಹಳೆಯ ಟೈರುಗಳು, ಮೂಲೆಯಲ್ಲಿ ಪಂಚರ್ ನೋಡುವ ನೀರಿನ ತೊಟ್ಟಿ. ಊರಿನವರಿಗೆಲ್ಲ ಅವನು ಪಂಚರಣ್ಣ. ಅವನಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಹೊಳೆಯಲ್ಲಿ ಯಾರಾದರೂ ಮುಳುಗಿದಾಗ ಮಾತ್ರ ಪತ್ರಿಕೆಯವರು ಅವನಿಗೆ 'ಮುಳುಗು ತಜ್ಞ' ಎಂಬ ಬಿರುದು ಕೊಡುತ್ತಿದ್ದರು. ಹೆಂಡತಿ ಅದನ್ನು ಗಟ್ಟಿಯಾಗಿ ಓದಿ, "ತಜ್ಞರೇ, ಬಚ್ಚಲ ನಲ್ಲಿ ಸೋರ್ತಾ ಇದೆ, ಅದನ್ನೂ ಸ್ವಲ್ಪ ನೋಡ್ತೀರಾ?" ಎನ್ನುತ್ತಿದ್ದಳು. ಅವನು ನಗುತ್ತಿದ್ದ. ನಕ್ಕ ಮೇಲೆ ಬಹಳ ಹೊತ್ತು ಕೈ ಉಜ್ಜಿಕೊಳ್ಳುತ್ತಾ ಕೂರುತ್ತಿದ್ದ.

ಹೆಣ ತೆಗೆಯಲೆಂದು ಅವನನ್ನು ಕರೆಯಲು ಬಂದವರು ಬಾಯಿ ಬಿಟ್ಟು ಕರೆಯುತ್ತಿರಲಿಲ್ಲ. ಅಂಗಡಿಯ ಮುಂದೆ ಬಂದು ಸುಮ್ಮನೆ ನಿಲ್ಲುತ್ತಿದ್ದರು. ಸೈಕಲ್ ತಂದಿರುತ್ತಿರಲಿಲ್ಲ. ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಅಂಗಿ ಕಳಚಿ ಮೊಳೆಗೆ ಹಾಕಿ, ಅವರ ಹಿಂದೆ ಹೊರಡುತ್ತಿದ್ದ. ಕಲಕಿದ ನೀರಿನಲ್ಲಿ ಕಣ್ಣಿಗೆ ಕೆಲಸವಿಲ್ಲ. ಅವನು ಕಣ್ಣು ಮುಚ್ಚಿಕೊಂಡೇ ಇಳಿಯುತ್ತಿದ್ದ, ಕೈಯಲ್ಲೇ ಹುಡುಕುತ್ತಿದ್ದ. ಬಟ್ಟೆ, ಕೂದಲು, ಬೆರಳು. ಸಿಕ್ಕವರನ್ನು ದಡಕ್ಕೆ ತಂದು ಮಗ್ಗುಲಾಗಿ ಮಲಗಿಸಿ ತಾನು ಆಚೆ ತಿರುಗಿ ನಿಂತುಬಿಡುತ್ತಿದ್ದ. ಮುಖ ನೋಡಿ ಹೆಸರು ಹೇಳುವ ಕೆಲಸ ಬೇರೆಯವರದು. ಎಂಥವರೇ ಇರಲಿ, ಮುಖ ಮಾತ್ರ ನೋಡುತ್ತಿರಲಿಲ್ಲ.

ಒಂದು ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ನೀರಿನ ತಳದಲ್ಲಿ ಅವನ ಕೈಗೆ ಸಿಕ್ಕವರು, ಮೇಲೆತ್ತುವ ಮುಂಚೆ ಒಂದು ಗಳಿಗೆ ಅವನ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಿದ್ದರು. ಹರಿವಿನ ಸೆಳೆತಕ್ಕೆ ಹಾಗೆ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸತ್ತವರ ಕೈ ಹಿಡಿಯುವುದಿಲ್ಲ ಎಂಬುದು ಅವನಿಗೇನು ತಿಳಿಯದ ವಿಷಯವೇ? ಆದರೂ ಅಂಥ ಕೆಲಸ ಮುಗಿಸಿ ಬಂದ ಮೇಲೆ ಕೆಲವು ದಿನ ಅಂಗಡಿಯ ತೊಟ್ಟಿಯೊಳಗೆ ಕೈ ಹಾಕಲು ಮನಸ್ಸು ಬರುತ್ತಿರಲಿಲ್ಲ. ಟ್ಯೂಬನ್ನು ಅದುಮಿದಾಗ ನೀರಿನಿಂದ ಗುಳುಗುಳು ಗುಳ್ಳೆ ಎದ್ದರೆ ಬೆಂಕಿ ತಾಗಿದವನ ಹಾಗೆ ಕೈ ಎಳೆದುಕೊಳ್ಳುತ್ತಿದ್ದ. ಗಿರಾಕಿಗಳು ಅದನ್ನು ನೋಡಿಯೂ ನೋಡದವರಂತೆ ರಸ್ತೆ ಕಡೆ ತಿರುಗುತ್ತಿದ್ದರು.

ಮೊದಲೆಲ್ಲ ಅವನಿಗೆ ಇಂಥ ಕರೆ ಬರುತ್ತಿದ್ದುದು ಅಪರೂಪ. ಮರಳು ತೆಗೆಯುವ ದೋಣಿಗಳು ಬಂದ ಮೇಲೆ ಹೊಳೆಯ ಲಕ್ಷಣವೇ ಬದಲಾಯಿತು. ದೋಣಿಯ ಮೇಲೆ ಡೀಸೆಲ್ ಪಂಪು, ಪಂಪಿನಿಂದ ನೀರೊಳಕ್ಕೆ ಇಳಿಬಿಟ್ಟ ಕಬ್ಬಿಣದ ಪೈಪು. ಪೈಪು ತಳದ ಮರಳನ್ನು ನೀರಿನ ಸಮೇತ ಹೀರಿ ದಡದ ಮೇಲೆ ಕಾರುತ್ತಿತ್ತು. ಅಲ್ಲಿಂದ ಲಾರಿಗಳು ತುಂಬಿಕೊಂಡು ಹೋಗುತ್ತಿದ್ದವು. ಹೀರಿದ ಕಡೆಯೆಲ್ಲ ತಳದಲ್ಲಿ ಬಾವಿಯಂಥ ಮಡುಗಳು ಉಳಿದವು. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ನೀರು ಮೊದಲಿನ ಹಾಗೇ ಸಾಧುವಾಗಿ ಹರಿಯುತ್ತಿರುತ್ತದೆ. ಬಟ್ಟೆ ಒಗೆಯಲು ಇಳಿದವರು, ದನದ ಮೈ ತೊಳೆಯಲು ಇಳಿದವರು, ಈಜಲು ಬಂದ ಶಾಲೆಯ ಮಕ್ಕಳು ಒಂದು ಹೆಜ್ಜೆ ಮುಂದಿಟ್ಟರೆ ಮುಗಿಯಿತು. ಊರಿನ ಬಾವಿಗಳ ನೀರೂ ಕೆಳಗಿಳಿಯಿತು. ದಂಡೆ ಕುಸಿದು ಹೊಲದ ಅಂಚುಗಳು ಹೊಳೆಗೆ ಜಾರಿದವು. ಸೇತುವೆಯ ಕಂಬದ ಬುಡ, ಒಸಡು ಸವೆದ ಹಲ್ಲಿನ ಹಾಗೆ ಹೊರಗೆ ಕಾಣತೊಡಗಿತು.

ಆ ದೋಣಿಗಳಲ್ಲೊಂದರಲ್ಲಿ ಅವನ ಬಾಮೈದ ಕೆಲಸಕ್ಕಿದ್ದ.

ಬಾಮೈದ ಎಂದರೆ ಬರೀ ಹೆಂಡತಿಯ ತಮ್ಮನಲ್ಲ. ಅಪ್ಪ ಅಮ್ಮನನ್ನು ಕಳೆದುಕೊಂಡು ಚಿಕ್ಕಂದಿನಲ್ಲೇ ಅಕ್ಕನ ಸೆರಗು ಹಿಡಿದು ಇವರ ಮನೆಗೆ ಬಂದವನು. ಇವರಿಗೆ ಮಕ್ಕಳಿರಲಿಲ್ಲ. ಅವನಿಗೆ ಸೈಕಲ್ ಕಲಿಸಿದವನು, ಶಾಲೆಗೆ ಬಿಟ್ಟುಬಂದವನು, ಈಜು ಕಲಿಸಿದವನು ಪಂಚರಣ್ಣನೇ. ನೀರೊಳಗೆ ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ ಎಂದು ಭಾವ ಬಾಮೈದ ಇಬ್ಬರೂ ಪಂದ್ಯ ಕಟ್ಟುತ್ತಿದ್ದರು. ದಡದಲ್ಲಿ ಕೂತ ಅಕ್ಕ, "ಸಾಕು ಬನ್ರೋ, ನನ್ನ ಉಸಿರು ನಿಲ್ಲತ್ತೆ ಈಗ" ಎಂದು ಬೈಯುತ್ತಿದ್ದಳು. ಬರಬರುತ್ತಾ ಬಾಮೈದನೇ ಗೆಲ್ಲತೊಡಗಿದ. ಗೆದ್ದ ದಿನ ಊರೆಲ್ಲ ಡಂಗುರ ಸಾರಿಕೊಂಡು ಬರುತ್ತಿದ್ದ.

ದೋಣಿಯವರಿಗೆ ಬೇಕಾಗಿದ್ದುದು ಆ ಉಸಿರೇ. ಪೈಪಿನ ಬಾಯಿ ಕಲ್ಲಿಗೆ ಸಿಕ್ಕಿಕೊಂಡರೆ ಯಾರಾದರೂ ಕೆಳಗಿಳಿದು ಅದನ್ನು ಮರಳಿನ ಕಡೆ ತಿರುಗಿಸಬೇಕು. ಬಾಮೈದ ಆ ಕೆಲಸಕ್ಕೆ ಎತ್ತಿದ ಕೈ.

ಹೊಳೆಯನ್ನು ಉಳಿಸಿಕೊಳ್ಳಬೇಕು ಎಂದು ಊರಿನಲ್ಲಿ ಮೊದಲು ಹೊರಟವಳು ಟೈಲರಮ್ಮ. ಅಂಚೆ ಪೆಟ್ಟಿಗೆಯ ಪಕ್ಕದ ಸಣ್ಣ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಅವಳ ಮಗ ಶಾಲೆಯಿಂದ ಬರುವಾಗ ಕಾಲು ತೊಳೆಯಲು ಹೊಳೆಗಿಳಿದವನು ಮೇಲೆ ಬರಲಿಲ್ಲ. ಅವನನ್ನು ತೆಗೆದವನು ಪಂಚರಣ್ಣ. ಆಮೇಲೆ ಅವಳು ಬಹಳ ಕಾಲ ಸೇತುವೆ ದಾಟುವಾಗ ಅವನ ಅಂಗಡಿ ಇರುವ ಬದಿ ಬಿಟ್ಟು ಇನ್ನೊಂದು ಬದಿಯಲ್ಲಿ ನಡೆಯುತ್ತಿದ್ದಳು.

ಅವಳು ಮನೆ ಮನೆ ತಿರುಗಿದಳು. ಮೊದಮೊದಲು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾವಿಯ ಹಗ್ಗ ಸಾಲದೆ ಹೋದಾಗ ಒಬ್ಬೊಬ್ಬರಾಗಿ ಬಂದರು. ದನ ಸಾಕುವವರು, ಬಟ್ಟೆ ಒಗೆಯುವವರು, ಶಾಲೆಯ ಮೇಷ್ಟ್ರು, ಬೇಕರಿಯವನು. ಮೇಲಿನ ಕಚೇರಿಗೆ ದೂರು ಕೊಟ್ಟರು. ಆ ಹೊಳೆಯಲ್ಲಿ ಯಂತ್ರಗಳೇ ಇಲ್ಲ ಎಂದು ಉತ್ತರ ಬಂತು. ಉತ್ತರ ಓದುತ್ತಿರುವಾಗಲೇ ಹೊಳೆಯಿಂದ ಪಂಪಿನ ಸದ್ದು ಕೇಳುತ್ತಿತ್ತು. ಕೊನೆಗೆ ಒಂದು ಬೆಳಗ್ಗೆ ಎಲ್ಲರೂ ಗುದ್ದಲಿ ಹಿಡಿದು ಹೋಗಿ, ಲಾರಿಗಳು ಹೊಳೆಗಿಳಿಯುವ ಮಣ್ಣುದಾರಿಗೆ ಅಡ್ಡಲಾಗಿ ಕಂದಕ ತೋಡಿದರು. ಅಂದಿನಿಂದ ಸರದಿಯ ಮೇಲೆ ಅಲ್ಲೇ ಕಾವಲು ಕೂರತೊಡಗಿದರು. ದೋಣಿಗಳು ಇನ್ನೂ ಸ್ವಲ್ಪ ಕೆಳಗೆ ಹೋಗಿ, ಬೇರೊಂದು ದಾರಿ ಹಿಡಿದು ಕೆಲಸ ಮುಂದುವರಿಸಿದವು.

ಕಂದಕ ತೋಡಿದ ದಿನವೇ ಟೈಲರಮ್ಮ ಅಂಗಡಿಗೆ ಬಂದಳು. ಮಗ ಹೋದ ಮೇಲೆ ಮೊದಲ ಸಲ.

"ನೀವು ಬಂದು ನಮ್ಮ ಜೊತೆ ಕೂತ್ಕೋಬೇಕು" ಎಂದಳು.

ಅವನು ಚೈನಿಗೆ ಎಣ್ಣೆ ಬಿಡುತ್ತಲೇ ಇದ್ದ.

"ನೀವು ಏನೂ ಮಾತಾಡ್ಬೇಕಾಗಿಲ್ಲ. ಕೂತ್ರೆ ಸಾಕು. ನೀವು ಕೂತಿದೀರಿ ಅಂತ ಗೊತ್ತಾದ್ರೆ ಮನೇಲಿರೋರೂ ಬರ್ತಾರೆ."

"ಅಂಗಡಿ ಬಿಟ್ಟು ಬರೋಕಾಗಲ್ಲ ಅಕ್ಕ."

"ಯಾರಾದ್ರೂ ಮುಳುಗಿದ್ರೆ ಬಿಟ್ಟು ಬರ್ತೀರಲ್ಲ" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಅವನ ಕೈಗಳನ್ನೇ ನೋಡುತ್ತಾ ನಿಂತು, "ನನ್ನ ಮಗನ್ನ ಕೊನೇಲಿ ಮುಟ್ಟಿದ ಕೈ ನಿಮ್ದು. ಅಲ್ಲಿ ಕೆಳಗೆ ಹೇಗಿದ್ದ ಅಂತ ನಾನು ಯಾವತ್ತೂ ಕೇಳಿಲ್ಲ, ಕೇಳೋದೂ ಇಲ್ಲ. ಬರ್ತೀನಿ" ಎಂದು ಹೊರಟುಹೋದಳು.

ಆ ಸಂಜೆ ಮನೆಯಲ್ಲಿ ಬಾಮೈದನೇ ಮಾತು ತೆಗೆದ. ಅವನು ಕೆಲಸ ಮುಗಿಸಿ, ಒದ್ದೆ ತಲೆಯಲ್ಲೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಕ್ಕನಿಗೆ ತರಕಾರಿ ಹೆಚ್ಚಿಕೊಡುತ್ತಿದ್ದ.

"ಭಾವ, ನೀವೂ ಹೋಗಿ ಕೂರ್ತೀರಂತೆ?"

"ಯಾರು ಹೇಳಿದ್ರು?"

"ಟೈಲರಮ್ಮ ಅಂಗಡಿಗೆ ಬಂದಿದ್ದು ಊರಿಗೆಲ್ಲ ಗೊತ್ತು. ಕೂರೋದಾದ್ರೆ ಕೂತ್ಕೊಳ್ಳಿ, ನಾನೇನೂ ಬೇಜಾರು ಮಾಡ್ಕೊಳಲ್ಲ. ಆದ್ರೆ ನಾನು ಬಿಟ್ರೆ ನಾಳೆ ಇನ್ನೊಬ್ಬ ಬಂದು ಇಳೀತಾನೆ, ಅಷ್ಟೇ."

"ಇಳೀಲಿ. ನೀನು ಬಿಡು."

"ಬಿಟ್ಟು? ನಿಮ್ಮ ಜೊತೆ ಕೂತು ಪಂಚರ್ ಹಾಕ್ಲಾ? ಇರೋ ನಾಲ್ಕು ಸೈಕಲ್ಲಿಗೆ ಇಬ್ರು ತಜ್ಞರು."

ಅಕ್ಕ ನಕ್ಕಳು. ಪಂಚರಣ್ಣನಿಗೂ ನಗು ಬಂತು. ಮಾತು ಅಲ್ಲಿಗೇ ನಿಂತುಹೋಯಿತು. ಆಮೇಲೆ ಹೆಂಡತಿ ಪಾತ್ರೆ ತೊಳೆಯುತ್ತಾ, ಅವನ ಕಡೆ ತಿರುಗದೆ, "ಹೋಗ್ಬೇಡಿ ಅಂತ ನಾನು ಹೇಳಲ್ಲ. ಹೋಗಿ ಅಂತಾನೂ ಹೇಳಲ್ಲ. ಈ ಕಡೆ ನೀವು, ಆ ಕಡೆ ಅವನು. ನಾನೆಲ್ಲಿ ಹೋಗ್ಲಿ?" ಎಂದಳು. ಅವನು ಹೋಗಲಿಲ್ಲ. ದಿನವೂ ಅಂಗಡಿಯಿಂದಲೇ, ಸೇತುವೆಯಾಚೆ ಕಂದಕದ ಬಳಿ ಕೂತವರ ತಲೆಗಳನ್ನು ನೋಡುತ್ತಿದ್ದ. ಅವರಲ್ಲಿ ಒಬ್ಬರೂ ಅವನ ಕಡೆ ಕೈ ಮಾಡಿ ಕರೆಯಲಿಲ್ಲ. ಅದು ಅವನನ್ನು ಹೆಚ್ಚು ಚುಚ್ಚಿತು.

ಒಂದು ಮಧ್ಯಾಹ್ನ ಅವನು ಬುಟ್ಟಿಯಿಟ್ಟ ಹೆಣ್ಣುಮಕ್ಕಳ ಸೈಕಲ್ಲೊಂದರ ಬ್ರೇಕು ಬಿಗಿ ಮಾಡುತ್ತಿದ್ದ. ಎದುರಿಗೆ ನೆರಳು ಬಿತ್ತು. ತಲೆಯೆತ್ತಿದರೆ ದೋಣಿಯ ಕೆಲಸದವರಿಬ್ಬರು ನಿಂತಿದ್ದರು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೈಕಲ್ ತಂದಿರಲಿಲ್ಲ.

ಅವನು ಎದ್ದ. "ಯಾರು?" ಎಂದು ಕೇಳಿದ. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಅವನ ಬಾಯಿಂದ ಬಂದಿದ್ದು ಅದೇ ಮೊದಲು. ಇಬ್ಬರೂ ನೆಲ ನೋಡಿದರು. ಅವನು ಅಂಗಿ ಕಳಚುವುದನ್ನೂ ಮರೆತು ಓಡಿದ.

ಪೈಪಿನ ಬಾಯಿ ತಿರುಗಿಸಲು ಇಳಿದ ಬಾಮೈದನ ಮೇಲೆ ಮಡುವಿನ ಗೋಡೆ ಕುಸಿದಿತ್ತು. ದೋಣಿಯಲ್ಲಿದ್ದವರು ಒಂದೆರಡು ಸಲ ಮುಳುಗಿ ನೋಡಿ, ಹೆದರಿ ಮೇಲೆ ಬಂದಿದ್ದರು. ಪಂಚರಣ್ಣ ಕಣ್ಣು ಮುಚ್ಚಿ ಇಳಿದ. ಪೈಪನ್ನು ಹಿಡಿದುಕೊಂಡೇ ಕೆಳಕ್ಕೆ, ಇನ್ನೂ ಕೆಳಕ್ಕೆ ಹೋದ. ನೀರು ತಣ್ಣಗಾಗುತ್ತಾ ಬಂತು. ತಳದಲ್ಲಿ ಹಸಿ ಮರಳಿನ ಗುಡ್ಡೆ ಕೈಗೆ ಸಿಕ್ಕಿತು. ಗುಡ್ಡೆಯ ಮೇಲೆ ಕೂದಲು, ಭುಜ, ಮೇಲಕ್ಕೆ ಚಾಚಿದ ಒಂದು ತೋಳು. ಎದೆಯವರೆಗೂ ಹೂತುಹೋಗಿದ್ದ. ಪಂಚರಣ್ಣ ಅವನ ಕಂಕುಳಿಗೆ ಕೈ ಹಾಕಿ ಎಳೆದ. ಕದಲಲಿಲ್ಲ. ಇನ್ನೊಮ್ಮೆ ಎಳೆದ. ಆಗ ಆ ಕೈ ಅವನ ಮಣಿಕಟ್ಟನ್ನು ಹಿಡಿದುಕೊಂಡಿತು. ಬೇರೆಯವರು ಹಿಡಿದು ಬಿಟ್ಟುಬಿಡುತ್ತಿದ್ದರು. ಇದು ಬಿಡಲಿಲ್ಲ.

ಎದೆ ಒಡೆಯುವಂತಾದಾಗ ಅವನೇ ಬಿಡಿಸಿಕೊಂಡು ಮೇಲೆ ಬಂದ.

"ಹಗ್ಗ" ಎಂದ. ದೋಣಿಯವರು ಮುಖ ಮುಖ ನೋಡಿಕೊಂಡರು. ಅವರ ಬಳಿ ಇದ್ದ ಹಗ್ಗ ದೋಣಿ ಕಟ್ಟುವಷ್ಟೇ ಉದ್ದ. ಅಷ್ಟರಲ್ಲಿ ಸುದ್ದಿ ಕಂದಕದವರೆಗೂ ಹೋಗಿತ್ತು. ಅಲ್ಲಿ ಕಾವಲು ಕೂತಿದ್ದವರೆಲ್ಲ ದಂಡೆಗುಂಟ ಓಡಿ ಬಂದರು. ದನದ ಹಗ್ಗ, ಬಾವಿಯ ಹಗ್ಗ, ಬೇಕರಿಯವನು ಮೂಟೆ ಕಟ್ಟುವ ಹಗ್ಗ, ಯಾರ ಕೈಗೆ ಏನು ಸಿಕ್ಕಿತೋ ಅದು. ಟೈಲರಮ್ಮ ಅವನ್ನೆಲ್ಲ ಗಂಟು ಹಾಕಿ ಒಂದು ಮಾಡಿದಳು. ಅವನು ತುದಿ ಹಿಡಿದು ಮತ್ತೆ ಇಳಿದು, ಮತ್ತೆ ಮೇಲೆ ಬಂದು, ಮತ್ತೆ ಇಳಿದು, ಕೈಯಿಂದಲೇ ಮರಳು ತೋಡಿ, ಹಗ್ಗವನ್ನು ಕಂಕುಳ ಕೆಳಗೆ ಬಿಗಿದ. ದಡದಲ್ಲಿ ಊರೇ ಸಾಲಾಗಿ ನಿಂತು ಎಳೆಯಿತು. ಬಾಮೈದ ಕೆಲಸಕ್ಕಿದ್ದ ದೋಣಿಯನ್ನು ಹೊಳೆಯಿಂದ ಓಡಿಸಲೆಂದು ಕೂತಿದ್ದವರೇ ಅವನನ್ನು ನೀರಿನಿಂದ ಹೊರಗೆ ಎಳೆದವರು.

ಮಗ್ಗುಲಾಗಿ ಮಲಗಿಸಿದ ಮೇಲೆ ಪಂಚರಣ್ಣ ಎಂದಿನಂತೆ ಆಚೆ ತಿರುಗಿ ನಿಂತ. ಟೈಲರಮ್ಮ ಬಗ್ಗಿ ಮುಖದ ಮೇಲಿನ ಮರಳು ಒರೆಸಿದಳು. ಯಾರೂ ಹೆಸರು ಹೇಳುವ ಅಗತ್ಯವಿರಲಿಲ್ಲ. ಪಂಚರಣ್ಣನ ಹೆಂಡತಿ ದಂಡೆ ಇಳಿದು ಬಂದಳು. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಬಾಚಿದಳು. ಸಣ್ಣ ದನಿಯಲ್ಲಿ, "ಇವನಿಗೆ ಉಸಿರು ಹಿಡಿಯೋದು ಕಲಿಸಿದ್ದು ನೀವು" ಎಂದಳು.

ಆ ಮಾತನ್ನು ಅವಳು ಮತ್ತೆಂದೂ ಆಡಲಿಲ್ಲ. ಅವನು ಅದನ್ನು ದಿನವೂ ಕೇಳಿಸಿಕೊಂಡ.

ಅಂಗಡಿಯ ಬಾಗಿಲು ಮುಚ್ಚಿತು. ಮನೆಯಲ್ಲಿ ಬಾಮೈದನ ಹಾಸಿಗೆ ಸುತ್ತಿಟ್ಟಿದ್ದ ಮೂಲೆಯ ಕಡೆ ಇಬ್ಬರೂ ಬೆನ್ನು ಹಾಕಿ ಕೂರುತ್ತಿದ್ದರು. ಬಚ್ಚಲ ನಲ್ಲಿ ಸೋರುತ್ತಿತ್ತು. ಆ ತೊಟ್ಟಿಕ್ಕುವ ಸದ್ದಿಗೆ, ಈಗ ಒದ್ದೆ ತಲೆಯಲ್ಲಿ ಅವನು ಒಳಗೆ ಬಂದಾನು ಎಂದು ಪಂಚರಣ್ಣನಿಗೆ ಅನ್ನಿಸುತ್ತಿತ್ತು. ಹೆಂಡತಿಗೂ ಹಾಗೇ ಅನ್ನಿಸುತ್ತಿತ್ತೇನೋ. ಆ ಸದ್ದು ಕೇಳಿದಾಗೆಲ್ಲ ಅವಳ ಕೈಯ ಕೆಲಸ ಒಂದು ಗಳಿಗೆ ನಿಲ್ಲುತ್ತಿತ್ತು. ಇಬ್ಬರೂ ನಲ್ಲಿಯನ್ನು ರಿಪೇರಿ ಮಾಡಿಸಲಿಲ್ಲ.

ವಿಚಾರಣೆಗೆ ಬಂದವರ ಮುಂದೆ ದೋಣಿಯ ಗುತ್ತಿಗೆದಾರ ಕೈ ತೊಳೆದುಕೊಂಡುಬಿಟ್ಟ. ಹುಡುಗ ಈಜಲು ಹೋಗಿದ್ದನಂತೆ. ಅಲ್ಲಿ ದೋಣಿಯೂ ಇರಲಿಲ್ಲ, ಪಂಪೂ ಇರಲಿಲ್ಲವಂತೆ. ದೋಣಿಯನ್ನು ಅವತ್ತು ಸಂಜೆಯೊಳಗೇ ಸಾಗಹಾಕಿಯಾಗಿತ್ತು. ಅಂಗಡಿಗೆ ಬಂದಿದ್ದ ಇಬ್ಬರು ಕೆಲಸದವರೂ ಊರು ಬಿಟ್ಟಿದ್ದರು. ಹೂತುಹೋದ ಪೈಪನ್ನು ಮಾತ್ರ ಎತ್ತಲಾಗದೆ, ಮೇಲಿನ ರಬ್ಬರ್ ಕೊಳವೆ ಕತ್ತರಿಸಿ ಬಿಟ್ಟು ಹೋಗಿದ್ದರು.

ಟೈಲರಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳಿದಳು. ಅವನನ್ನು ಏನೂ ಕೇಳಲಿಲ್ಲ. ಅವಳು ಎದ್ದು ಹೊರಟಾಗ ಪಂಚರಣ್ಣ, "ಪೈಪು ಅಲ್ಲೇ ಇದೆ" ಎಂದ.

"ಇದೆ. ಆದ್ರೆ ಅದನ್ನ ನೋಡಿದವ್ರು ಯಾರು?"

"ಎಲ್ರೂ ನೋಡೋ ಹಾಗೆ ಮಾಡೋಣ. ನಾನು ಇಳಿದು ಹಗ್ಗ ಕಟ್ತೀನಿ. ನೀವೆಲ್ಲ ಎಳೀರಿ."

ಒಳಗಿನಿಂದ ಹೆಂಡತಿ ಹೊರಗೆ ಬಂದಳು. ಬೇಡ ಎನ್ನುತ್ತಾಳೆ ಎಂದು ಇಬ್ಬರೂ ಕಾದರು. "ಇವ್ರ ಸೊಂಟಕ್ಕೆ ಬೇರೆ ಹಗ್ಗ ಕಟ್ಬೇಕು. ಅದನ್ನ ನಾನು ಹಿಡ್ಕೋತೀನಿ. ಬೇರೆ ಯಾರೂ ಮುಟ್ಟೋ ಹಾಗಿಲ್ಲ" ಎಂದಳು.

ಮರುದಿನ ಬೆಳಗ್ಗೆ ಊರಿನ ಮುಕ್ಕಾಲು ಪಾಲು ಜನ ದಂಡೆಯ ಮೇಲಿದ್ದರು. ಅಲ್ಲಿಯವರೆಗೆ ದೂರವೇ ಉಳಿದಿದ್ದವರು, ಗುತ್ತಿಗೆದಾರನ ಲಾರಿಗಳಲ್ಲಿ ಕೆಲಸಕ್ಕಿದ್ದವರ ಮನೆಯವರು ಸಹ. ಪಂಚರಣ್ಣ ಇಳಿದ. ಪೈಪಿನ ಬಾಯಿಯ ಸುತ್ತ ಮರಳು ತೋಡಿ ಹಗ್ಗ ತೂರಿಸುವುದು ಅವನಿಗೆ ಕಷ್ಟವಾಗಲಿಲ್ಲ. ಗಂಟು ಬಿಗಿದಾದ ಮೇಲೆ ಅವನು ಮೇಲೆ ಬರಬೇಕಿತ್ತು. ಬರಲಿಲ್ಲ. ತಳದಲ್ಲೇ, ಕತ್ತಲಲ್ಲಿ, ತೋಳು ಚಾಚಿಕೊಂಡು ಕೂತ. ಮಣಿಕಟ್ಟನ್ನು ಯಾರಾದರೂ ಹಿಡಿದಾರೆಂದು ಕಾದ. ಹಿಡಿದರೆ ಈ ಸಲ ಬಿಡಿಸಿಕೊಳ್ಳುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಹೇಳಿಕೊಂಡಿದ್ದ. ನೀರು ಬೆರಳುಗಳ ಸಂದಿಯಲ್ಲಿ ಹರಿಯುತ್ತಾ ಹೋಯಿತು. ಕಿವಿಯಲ್ಲಿ ತನ್ನ ನಾಡಿಯ ಸದ್ದು. ಪಂದ್ಯ ಕಟ್ಟಿದವನ ಹಾಗೆ ಅವನು ಉಸಿರು ಬಿಗಿಹಿಡಿದೇ ಕೂತಿದ್ದ.

ಸೊಂಟದ ಹಗ್ಗ ಜಗ್ಗಿತು. ಒಮ್ಮೆ, ಮೆತ್ತಗೆ. ಸ್ವಲ್ಪ ತಡೆದು ಮತ್ತೊಮ್ಮೆ. ಆಮೇಲೆ ಅವನನ್ನು ಕೇಳದೆಯೇ ಮೇಲಕ್ಕೆ ಎಳೆಯತೊಡಗಿತು.

ಅವನು ಬೆಳಕಿಗೆ ಬಂದು ಕೆಮ್ಮುತ್ತಾ ದಡ ಹಿಡಿದಾಗ ಹೆಂಡತಿಯ ಅಂಗೈಯಲ್ಲಿ ಹಗ್ಗ ಉಜ್ಜಿ ರಕ್ತ ಬಂದಿತ್ತು.

"ಯಾಕೆ ಇಷ್ಟು ಹೊತ್ತು?"

"ಗಂಟು ಕೂರ್ಲಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಗೋಡೆಗೆ ನೇತುಹಾಕುವ ಟೈರಿನಿಂದ ಹಿಡಿದು ಸೌದೆ ಹೊರೆಯವರೆಗೆ ಅವನು ಹಾಕಿದ ಗಂಟು ಒಂದೇ ಸಲಕ್ಕೆ ಕೂರದೆ ಇದ್ದುದನ್ನು ಅವಳು ಕಂಡಿರಲಿಲ್ಲ. "ಮನೇಲಿ ನಾನೊಬ್ಳೇ ಇರೋಕಾಗಲ್ಲ" ಎಂದಷ್ಟೇ ಹೇಳಿ, ಅವನ ತಲೆ ಒರೆಸಲು ತೊಡಗಿದಳು.

ಪೈಪು ಮೇಲೆ ಬಂತು. ಅದನ್ನು ತೊಳೆಯಲಿಲ್ಲ. ಮರಳು ಮೆತ್ತಿದ ಹಾಗೇ ಹೆಗಲ ಮೇಲೆ ಹೊತ್ತು, ಸೇತುವೆ ದಾಟಿ, ಪೇಟೆಯ ರಸ್ತೆಯುದ್ದಕ್ಕೂ ನಡೆದು ದೂರು ಕೊಟ್ಟಿದ್ದ ಕಚೇರಿಯ ಅಂಗಳದಲ್ಲಿ ಇಳಿಸಿದರು. ಯಾರೂ ಕೂಗಲಿಲ್ಲ. ಗುಮಾಸ್ತನೊಬ್ಬ ಹೊರಗೆ ಬಂದು, "ಏನಿದು?" ಎಂದು ಕೇಳಿದ. "ನನ್ನ ತಮ್ಮ ಇದರ ಪಕ್ಕದಲ್ಲಿದ್ದ" ಎಂದಳು ಪಂಚರಣ್ಣನ ಹೆಂಡತಿ. ಅಂಗಳದಲ್ಲಿ ನಿಂತಿದ್ದವರೆಲ್ಲ ಅದನ್ನು ಕೇಳಿದರು. ಆ ಪೈಪನ್ನು ಸುತ್ತಿ ಬಳಸಿಕೊಂಡೇ ಒಳಗೆ ಹೋಗಬೇಕು, ಬಳಸಿಕೊಂಡೇ ಹೊರಗೆ ಬರಬೇಕು. ಅದನ್ನು ಅಲ್ಲಿಂದ ತೆಗೆಸುವ ಧೈರ್ಯ ಬಹಳ ದಿನ ಯಾರಿಗೂ ಬರಲಿಲ್ಲ.

ತಡವಾಗಿಯಾದರೂ ಆದೇಶ ಬಂತು. ಆ ಊರಿನ ಗಡಿಯೊಳಗೆ ಹೊಳೆಗೆ ದೋಣಿ ಇಳಿಸುವಂತಿಲ್ಲ. ಗುತ್ತಿಗೆದಾರ ಕಂಬಿ ಕಿತ್ತು, ಮೇಲ್ಗಡೆಯ ಇನ್ನೊಂದು ಊರಿನ ದಂಡೆಯಲ್ಲಿ ಪಂಪು ಹೂಡಿದ. ಟೈಲರಮ್ಮನ ಗುಂಪು ಅಲ್ಲಿಗೂ ಹೋಗಿ, ಆ ಊರಿನವರ ಜೊತೆ ಕೂತಿತು. ಅಲ್ಲಿಯ ಕೆಲಸ ಇನ್ನೂ ಮುಗಿದಿಲ್ಲ. ಇಲ್ಲಿ ಕುಸಿದ ದಂಡೆಗೆ ಗೂಟ ಹೊಡೆದು, ಬಿದಿರಿನ ತಡಿಕೆ ಕಟ್ಟಿ, ಅದರ ಹಿಂದೆ ಜೊಂಡು ನೆಟ್ಟರು. ಪಂಚರಣ್ಣ ಪ್ರತಿ ಮಡುವಿನ ಅಂಚಿಗೂ ಗಳ ಹುಗಿದು ಕೆಂಪು ಬಟ್ಟೆ ಕಟ್ಟಿದ. ಬಟ್ಟೆ ಟೈಲರಮ್ಮನ ಕೋಣೆಯದು. ಅಂಗಡಿ ಮತ್ತೆ ತೆರೆಯಿತು. ಸಂಜೆ ಹೊತ್ತು ಅವನು ಮಕ್ಕಳಿಗೆ ದಂಡೆಯ ಬಳಿ ಈಜು ಕಲಿಸಿದ. ಯಾರಾದರೂ ಮುಖ ಮುಳುಗಿಸಿ ಉಸಿರು ಹಿಡಿದರೆ ಜುಟ್ಟು ಹಿಡಿದು ಮೇಲೆತ್ತುತ್ತಿದ್ದ. ಅದೊಂದರಲ್ಲಿ ಮಾತ್ರ ಅವನು ಕಟುಕ ಎಂದು ಮಕ್ಕಳು ಗೊಣಗುತ್ತಿದ್ದರು.

ಕೆಲವು ಮಳೆಗಾಲಗಳು ಕಳೆದವು. ಒಂದು ದೊಡ್ಡ ಪ್ರವಾಹ ಇಳಿದ ಮೇಲೆ ನೋಡಿದರೆ ಹೊಳೆ ಮೇಲಿನಿಂದ ಮರಳು ಹೊತ್ತು ತಂದು ಬಾಮೈದ ಹೂತುಹೋಗಿದ್ದ ಮಡುವನ್ನು ತುಂಬಿತ್ತು. ಗಳದ ತುದಿಯೂ ಕಾಣುತ್ತಿರಲಿಲ್ಲ. ಅಲ್ಲಿ ಈಗ ಪಾದ ಮುಳುಗುವಷ್ಟೇ ನೀರು, ಕೆಳಗೆ ನುಣ್ಣನೆಯ ಹೊಸ ಮರಳು. ಜನ ನೋಡಲು ಬಂದರು. ಬಾವಿಗಳಲ್ಲಿ ನೀರು ಏರಿದ ಸುದ್ದಿಯನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ಟೈಲರಮ್ಮ ಒಂದು ಹಿಡಿ ಮರಳು ಎತ್ತಿ ಮೂಸಿ ನೋಡಿ, ಮತ್ತೆ ನೀರಿಗೆ ಸುರಿದಳು.

ಪಂಚರಣ್ಣ ದಡದಲ್ಲೇ ನಿಂತಿದ್ದ. ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದಳು. ಮರಳಿನ ಮೇಲೆ ಹೆಜ್ಜೆ ಊರುತ್ತಾ ಹೊಳೆಯ ನಡುವಿಗೆ ಹೋಗಿ ನಿಂತಳು. ಅವಳ ಕಾಲ ಕೆಳಗೆ ಎಷ್ಟು ಆಳವಿತ್ತು, ಎಷ್ಟು ತಣ್ಣಗಿತ್ತು ಎಂಬುದು ಅವನ ಕೈಗಳಿಗೆ ಗೊತ್ತಿತ್ತು. ಅವಳು ಅಲ್ಲಿ ನಿಂತೇ ತುಸು ಬಗ್ಗಿ, ನೀರಿಗೆ ಏನೋ ಹೇಳಿದಳು. ದಡಕ್ಕೆ ಕೇಳಿಸಲಿಲ್ಲ. ಆಮೇಲೆ ದಾಟಿಕೊಂಡು ಆಚೆ ದಡ ಸೇರಿ ತಿರುಗಿದಳು.

"ಬನ್ನಿ, ಏನೂ ಆಗಲ್ಲ" ಎಂದು ಕರೆದಳು.

ಅವನು ಒಂದು ಕಾಲು ಮುಂದಿಟ್ಟ. ನೀರು ಪಾದಕ್ಕೆ ತಾಗಿತು. ಮರಳು ಅವನ ಭಾರಕ್ಕೆ ಸ್ವಲ್ಪವೇ ಸರಿಯಿತು, ಹೊಸ ಮರಳು ಸರಿಯುವ ಹಾಗೆ. ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ದಂಡೆ ಹತ್ತಿ, ಜೊಂಡಿನ ಪಕ್ಕದ ದಾರಿ ಹಿಡಿದು, ಸೇತುವೆಯ ಮೇಲಿಂದ ಸುತ್ತಿ ಬಳಸಿ ಆಚೆ ಹೋದ. ಹೆಂಡತಿ ಅಲ್ಲಿಯವರೆಗೂ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದಳು. ಯಾಕೆಂದು ಕೇಳಲಿಲ್ಲ. ಅವನು ಬಂದ ಮೇಲೆ ಇಬ್ಬರೂ ಮನೆಗೆ ಹೊರಟರು. ಹೋಗುವಾಗಲೂ ಸೇತುವೆಯ ಮೇಲಿನಿಂದಲೇ ಹೋದರು.